ಚಾಕಿ ಕೋಣೆಯ ಶಾಖ ಮತ್ತು ಪಿಐಡಿ

ರೇಷ್ಮೆ ಹುಳುವಿನ ಚಾಕಿ (ಎಳೆಯ ಮರಿಹುಳುಗಳ) ಸಾಕಾಣಿಕೆ ಕೋಣೆಯೊಂದರಲ್ಲಿ ಹೀಟರ್‌ನ ಪಿಐಡಿ ಕಂಟ್ರೋಲರ್ ಹೊಂದಿಸುವ ಕೆಲಸದಲ್ಲಿ ಈ ವಾರ ತೊಡಗಿದ್ದೇನೆ. ಗುರಿಯ ಉಷ್ಣಾಂಶಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸ (ಪಿ, ಪ್ರಪೋರ್ಷನಲ್), ಕಾಲಕ್ರಮದಲ್ಲಿ ಕೂಡಿಬಂದ ಅದರ ಮೊತ್ತ (ಐ, ಇಂಟೆಗ್ರಲ್), ಅದು ಬದಲಾಗುವ ವೇಗ (ಡಿ, ಡೆರಿವೇಟಿವ್) ಈ ಮೂರನ್ನೂ ನೋಡಿ ಹೀಟರ್ ಎಷ್ಟು ಉರಿಯಬೇಕೆಂದು ಈ ಸಾಧನ ನಿರ್ಧರಿಸುತ್ತದೆ. ಮರಿಹುಳುಗಳಿಗೆ 27ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖವೂ ಶೇ 85ರಿಂದ 90ರಷ್ಟು ತೇವಾಂಶವೂ ಬೇಕು. ಕೋಣೆ ಕಾದು ಗಾಳಿ ಒಣಗಿದರೆ ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು ಬೇಗ ಬಾಡಿ, ಹುಳುಗಳು ಅರೆಹೊಟ್ಟೆಯಲ್ಲಿ ಉಳಿಯುತ್ತವೆ.

ಇದನ್ನು ಹೊಂದಿಸಲು ಝೀಗ್ಲರ್ ಮತ್ತು ನಿಕೋಲ್ಸ್ ಎಂಬ ಎಂಜಿನಿಯರ್‌ಗಳು 1942ರಲ್ಲಿ ಪ್ರಕಟಿಸಿದ ಪ್ರಸಿದ್ಧ ವಿಧಾನದಲ್ಲಿ ಐ ಮತ್ತು ಡಿ ಎರಡನ್ನೂ ನಿಲ್ಲಿಸಿ, ಉಷ್ಣಾಂಶ ಒಂದೇ ಪ್ರಮಾಣದಲ್ಲಿ ಏರಿಳಿಯುತ್ತಲೇ ಇರುವ ಹಂತದವರೆಗೆ ಗೇನ್ (ವ್ಯತ್ಯಾಸಕ್ಕೆ ಕಂಟ್ರೋಲರ್ ಎಷ್ಟು ಜೋರಾಗಿ ಪ್ರತಿಕ್ರಿಯಿಸಬೇಕೆಂಬ ಅಂಕಿ) ಹೆಚ್ಚಿಸಿ, ಆ ಗೇನಿನ 0.6ರಷ್ಟನ್ನು ಪಿಗೆ, ಏರಿಳಿತದ ಅವಧಿಯ ಅರ್ಧವನ್ನು ಇಂಟೆಗ್ರಲ್ ಸಮಯಕ್ಕೆ, ಎಂಟನೆಯ ಒಂದು ಭಾಗವನ್ನು ಡೆರಿವೇಟಿವ್ ಸಮಯಕ್ಕೆ ಕೊಡುತ್ತಾರೆ. ಆದರೆ ಈ ಲೆಕ್ಕ ಗುರಿಯನ್ನು ಒಮ್ಮೆ ಚೆನ್ನಾಗಿಯೇ ದಾಟಿ ಹಿಂದಿರುಗುವುದನ್ನು ಒಪ್ಪಿಕೊಳ್ಳುತ್ತದೆ, ಎಳೆಯ ಹುಳುಗಳ ಕೋಣೆಗೆ ಅದು ನನಗೆ ಸರಿಕಾಣುವುದಿಲ್ಲ.

ಹೀಟರ್‌ನ ದೀಪ ಆರಿದ ಮೇಲೂ ಕಾಯಿಲ್‌ನಲ್ಲಿ ಉಳಿದ ಬಿಸಿಯಿಂದ ಅಂಕಿ ಮೆಲ್ಲಗೆ ಮೇಲೇರುವುದನ್ನು ನೋಡಿದಾಗ, ಗೇನ್ ಇಳಿಸಿ, ಐ ನಿಧಾನವಾಗಿ ಕೆಲಸ ಮಾಡುವಂತೆ ಇಂಟೆಗ್ರಲ್ ಸಮಯವನ್ನು ಹೆಚ್ಚಿಸುವುದೇ ಲೇಸು ಎನಿಸಿತು. ಕೋಣೆ ಗುರಿ ಮುಟ್ಟುವುದು ತಡವಾದರೂ ಚಿಂತೆಯಿಲ್ಲ, ಏಕೆಂದರೆ ಹುಳು ತರುವ ಮೊದಲೇ ಕೋಣೆಯನ್ನು ಬೆಚ್ಚಗಾಗಿಸಿಕೊಳ್ಳಬಹುದು. ಸೆನ್ಸರ್ ಮಾತ್ರ ಹೀಟರ್‌ನ ಪಕ್ಕದಲ್ಲಿರದೆ ತಟ್ಟೆಗಳ ಮಟ್ಟದಲ್ಲೇ ಇರಬೇಕು, ಮತ್ತು ತಟ್ಟೆಗಳನ್ನು ಜೋಡಿಸಿದ ಮೇಲೆಯೇ ಈ ಹೊಂದಾಣಿಕೆ ನಡೆಯಬೇಕು.