ರಚನೆ ನೋಡಲು ಎಕ್ಸ್‌ರೇ ಇರುವಾಗ ಇನ್‌ಫ್ರಾರೆಡ್ ಏಕೆ?

ತೆಳು ಪಾಲಿಮರ್ ಪದರಗಳ ಬಗ್ಗೆ ಎಲ್ಲಿ ಮಾತನಾಡಿದರೂ ಕೊನೆಗೆ ಇದೇ ಪ್ರಶ್ನೆ ಬರುತ್ತದೆ: “ಇನ್‌ಫ್ರಾರೆಡ್‌ನಿಂದ ಇದು ಯಾವ ಪಾಲಿಮರ್ ಎಂದು ತಿಳಿಯುತ್ತದೆ, ಸರಿ, ರಚನೆಯನ್ನು ಎಕ್ಸ್‌ರೇಗೆ ಬಿಡಬಾರದೇ?” ಬಿಡಬಾರದು. ಏಕೆಂದು ಒಮ್ಮೆ ಬರೆದಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕೊಡುತ್ತೇನೆ.

ಫ್ಲೋರಿನ್ ಇರುವ ಪಿವಿಡಿಎಫ್ ಎಂಬ ಪಾಲಿಮರ್ ತೆಗೆದುಕೊಳ್ಳಿ. ಒತ್ತಿದರೆ ವಿದ್ಯುತ್ ಕೊಡುವ ಇದರ ಗುಣವನ್ನು ಜಪಾನಿನ ಕವಾಯ್ 1969ರಲ್ಲಿ ತೋರಿಸಿದರು. ಇದರ ಅಣು ಒಂದು ಉದ್ದ ಸರಪಳಿ; ಅದು ತಿರುಚಿಕೊಂಡು ಕೂತರೆ ಆಲ್ಫಾ ಎಂಬ ರೂಪ, ನೇರವಾಗಿ ಚಾಚಿಕೊಂಡು ಫ್ಲೋರಿನ್‌ಗಳೆಲ್ಲ ಒಂದೇ ಬದಿಗೆ ಬಂದರೆ ಬೀಟಾ. ಉಪಯೋಗಕ್ಕೆ ಬರುವುದು ಬೀಟಾ. ಎಕ್ಸ್‌ರೇ ಸಾಲುಗಟ್ಟಿದ ಹರಳುಗಳನ್ನು ಚೆನ್ನಾಗಿ ಕಾಣುತ್ತದೆ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಈ ವಸ್ತುವಿನ ಸುಮಾರು ಅರ್ಧ ಭಾಗ ಹರಳಾಗುವುದೇ ಇಲ್ಲ, ಆ ಅರ್ಧ ಎಕ್ಸ್‌ರೇಯಲ್ಲಿ ಒಂದು ಅಗಲವಾದ ಉಬ್ಬಾಗಿ ಮಾತ್ರ ಕಾಣಿಸುತ್ತದೆ. ಇನ್‌ಫ್ರಾರೆಡ್ ಬೆಳಕನ್ನು ಅಣುವಿನ ಕಂಪನಗಳು ಹೀರುತ್ತವೆ, ಹಾಗಾಗಿ ಅದು ಕೇಳುವುದು ಸರಪಳಿಯ ಒಂದೊಂದು ತುಣುಕು ಹೇಗೆ ಬಾಗಿದೆ ಎಂಬುದನ್ನು. ಹರಳಿರಲಿ, ಇಲ್ಲದಿರಲಿ, ಅದು ಉತ್ತರ ಕೊಡುತ್ತದೆ.

ಒಂದು ವಿಚಾರಗೋಷ್ಠಿಯಲ್ಲಿ ಹಿರಿಯರೊಬ್ಬರು ಪರದೆಯ ಮೇಲಿದ್ದ ಇನ್‌ಫ್ರಾರೆಡ್ ಸ್ಪೆಕ್ಟ್ರಮ್‌ನಲ್ಲಿ 840ರ ಪೀಕ್ (ಬೆಳಕು ಹೆಚ್ಚು ಹೀರಲ್ಪಟ್ಟ ಜಾಗ) ತೋರಿಸಿ, “ಬೀಟಾ ಬಂದಿದೆಯಲ್ಲ, ಇನ್ನೇನು ನೋಡುವುದಿದೆ?” ಎಂದರು. ಇದೆ, ಬಹಳ ಇದೆ. ಪ್ರತಿ ಸೆಂಟಿಮೀಟರಿಗೆ ಎಷ್ಟು ತರಂಗ ಎಂದು ಎಣಿಸುವ ಈ ಅಳತೆಯಲ್ಲಿ, 840ರ ಸುಮಾರಿನಲ್ಲಿ ಗ್ಯಾಮಾ ಎಂಬ ಮೂರನೆಯ ರೂಪವೂ ಹೀರುತ್ತದೆ. 1275ರ ಹತ್ತಿರದ ಪೀಕ್ ಇದ್ದರೆ ಬೀಟಾ, 1234ರ ಹತ್ತಿರದ್ದಿದ್ದರೆ ಗ್ಯಾಮಾ, 763 ಕಂಡರೆ ಆಲ್ಫಾ ಇನ್ನೂ ಉಳಿದಿದೆ ಎಂದರ್ಥ. ಒಂದು ಪೀಕ್ ನೋಡಿ ತೀರ್ಪು ಕೊಡುವುದು ನನಗೆ ಇಂದಿಗೂ ಸಹಿಸಲಾಗದ ಅಭ್ಯಾಸ.

ಅಂದು ಯಾರೂ ಕೇಳದ, ನಾನು ಕಾಯುತ್ತಿದ್ದ ಪ್ರಶ್ನೆ ಬೇರೆ: ಪದರ ಯಾವುದರ ಮೇಲಿತ್ತು, ಬೆಳಕು ಯಾವ ಕೋನದಲ್ಲಿ ಬಿತ್ತು? ಸಿಲಿಕಾನ್ ಬಿಲ್ಲೆಯ ಮೂಲಕ ಬೆಳಕನ್ನು ನೇರವಾಗಿ ಹಾಯಿಸಿದರೆ ಅದರ ವಿದ್ಯುತ್ ಕ್ಷೇತ್ರ ಪದರದ ಸಮತಲದಲ್ಲೇ ಇರುತ್ತದೆ, ಹಾಗಾಗಿ ಮಲಗಿದ, ಅಂದರೆ ಪದರಕ್ಕೆ ಸಮಾಂತರವಾದ, ಕಂಪನಗಳು ಮಾತ್ರ ಹೀರುತ್ತವೆ. ಅದೇ ಪದರವನ್ನು ಚಿನ್ನದ ಮೇಲೆ ಹಾಕಿ, ಮೇಲ್ಮೈಯ ಲಂಬರೇಖೆಯಿಂದ 80 ಡಿಗ್ರಿಗೂ ಹೆಚ್ಚು ಓರೆಯಾಗಿ, ಸರಿಯಾಗಿ ಧ್ರುವೀಕರಿಸಿದ (ಕ್ಷೇತ್ರ ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಮಾಡಿದ) ಬೆಳಕನ್ನು ಬಿಡಿ. ಲೋಹದ ಮೇಲ್ಮೈಗೆ ಸಮಾಂತರವಾದ ಕ್ಷೇತ್ರ ಬಹುಮಟ್ಟಿಗೆ ಅಳಿಸಿಹೋಗಿ ಲಂಬವಾದದ್ದು ಉಳಿಯುತ್ತದೆ, ನಿಂತ ಕಂಪನಗಳು ಮಾತ್ರ ಕಾಣುತ್ತವೆ. ಬೀಟಾದಲ್ಲಿ 1275ರ ಕಂಪನ ಫ್ಲೋರಿನ್‌ಗಳು ಮುಖ ಮಾಡಿದ ದಿಕ್ಕಿನದು, 1400ರ ಸುಮಾರಿನದು ಸರಪಳಿಯ ಉದ್ದಕ್ಕಿನದು. ಚಿನ್ನದ ಮೇಲೆ ಮೊದಲನೆಯದು ಬೆಳೆದು ಎರಡನೆಯದು ಕುಗ್ಗಿದರೆ ಸರಪಳಿಗಳು ಮಲಗಿವೆ, ಫ್ಲೋರಿನ್‌ಗಳು ಮೇಲಕ್ಕೋ ಕೆಳಕ್ಕೋ ನೋಡುತ್ತಿವೆ. ಮೇಲೆ ಕೆಳಗೆ ವಿದ್ಯುದ್ವಾರ ಇಡುವವರಿಗೆ ಬೇಕಾದ ಸ್ಥಿತಿ ಅದು. ಎರಡನೆಯದೇ ಬೆಳೆದರೆ ಸರಪಳಿಗಳು ಎದ್ದು ನಿಂತಿವೆ, ಬೀಟಾ ಎಷ್ಟಿದ್ದರೂ ಆ ಸಾಧನ ಸೊರಗುತ್ತದೆ.

ಆದ್ದರಿಂದ ಸ್ಪೆಕ್ಟ್ರಮ್ ಕಳುಹಿಸಿ ರಚನೆ ಕೇಳುವವರು ಪದರದ ದಪ್ಪ, ಅದರಡಿಯ ವಸ್ತು, ಬೆಳಕಿನ ಕೋನ, ಧ್ರುವೀಕರಣ, ಈ ನಾಲ್ಕನ್ನೂ ದಯವಿಟ್ಟು ಬರೆದು ಕಳುಹಿಸಿ. ಪದರವನ್ನು ಕಾಯಿಸಿದ್ದರೆ, ಸಾಧ್ಯವಾದರೆ ಅದಕ್ಕೆ ಮೊದಲಿನ ಸ್ಪೆಕ್ಟ್ರಮ್ ಅನ್ನೂ ನಂತರದ್ದನ್ನೂ ಸೇರಿಸಿ.