ನಾನು ಬರೆಸಿಕೊಂಡ ಸುಳ್ಳು

2016ರ ಮಳೆಗಾಲದ ಒಂದು ರಾತ್ರಿ ಐಸಿಯು ಬಾಗಿಲಲ್ಲಿ ನಿಂತು ನಾನು ಒಬ್ಬ ಮಗನ ಕೈಯಲ್ಲಿ ಸುಳ್ಳು ಬರೆಸಿಕೊಂಡೆ. ಅವರ ತಂದೆಯ ಶ್ವಾಸಕೋಶದ ಕ್ಯಾನ್ಸರ್ ಯಕೃತ್ತಿಗೂ ಬೆನ್ನುಮೂಳೆಗೂ ಹರಡಿತ್ತು, ವೆಂಟಿಲೇಟರ್ ಹಾಕಿ ಆರು ದಿನಗಳಾಗಿದ್ದವು. ಇನ್ನು ಈ ಚಿಕಿತ್ಸೆಯಿಂದ ಪ್ರಯೋಜನವಿಲ್ಲ, ಮನೆಗೆ ಕರೆದುಕೊಂಡು ಹೋಗುವುದೇ ಒಳ್ಳೆಯದು ಎಂದು ಸಂಜೆ ಮನೆಯವರನ್ನು ಕೂರಿಸಿಕೊಂಡು ಹೇಳಿದವಳು ನಾನೇ. ಕಾಗದದ ಮೇಲೆ ಬಂದದ್ದು ಮಾತ್ರ, "ವೈದ್ಯರ ಸಲಹೆಗೆ ವಿರುದ್ಧವಾಗಿ, ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ರೋಗಿಯನ್ನು ಕರೆದುಕೊಂಡು ಹೋಗುತ್ತಿದ್ದೇವೆ" ಎಂಬ ವಾಕ್ಯ. ಆಸ್ಪತ್ರೆಯ ಭಾಷೆಯಲ್ಲಿ ಇದಕ್ಕೆ 'ಲಾಮಾ' ಎನ್ನುತ್ತಾರೆ. ಮಗ ಪೆನ್ನು ಹಿಡಿದು, "ಮೇಡಂ, ಮನೆಗೆ ಕರ್ಕೊಂಡು ಹೋಗಿ ಅಂತ ನೀವೇ ಹೇಳಿದ್ರಲ್ಲ?" ಎಂದು ಕೇಳಿದರು. "ಇದೊಂದು ಫಾರ್ಮಾಲಿಟಿ, ಸಹಿ ಹಾಕಿ" ಎಂದೆ.

ಮನೆಯಲ್ಲಿ ಅವರು ಇನ್ನೂ ಎರಡು ದಿನ ಬದುಕಿದ್ದರು. ನಾವು ಕೊಟ್ಟು ಕಳುಹಿಸಿದ್ದ ಟ್ರಮಡಾಲ್ ಎಂಬ ನೋವಿನ ಮಾತ್ರೆಯನ್ನು ನುಂಗುವ ಸ್ಥಿತಿಯಲ್ಲಿ ಅವರಿರಲಿಲ್ಲ. ತೀವ್ರ ನೋವಿಗೆ ಕೊಡುವ, ಅಫೀಮಿನಿಂದ ತಯಾರಾಗುವ ಮಾರ್ಫಿನ್ ನಮ್ಮಲ್ಲಿ ಇರಲಿಲ್ಲ, ತರಿಸುವ ಪ್ರಯತ್ನವನ್ನೂ ಆಸ್ಪತ್ರೆ ಅಲ್ಲಿಯವರೆಗೆ ಮಾಡಿರಲಿಲ್ಲ. ಮರಣ ಪ್ರಮಾಣಪತ್ರಕ್ಕೆ ಬೇಕಾದ ಕಾಗದ ಕೇಳಲು ಬಂದ ಮಗ ನನ್ನ ಮುಖ ನೋಡದೆಯೇ, "ಊರೆಲ್ಲ ಕೇಳೋ ಹಾಗೆ ಕೂಗ್ತಿದ್ರು" ಎಂದು ಹೇಳಿ ಹೋದರು. ನೋವಿನ ಚಿಕಿತ್ಸೆ ಮತ್ತು ಕೊನೆಗಾಲದ ಆರೈಕೆಯ ಕಾನೂನನ್ನು ನಾನು ಮೊದಲ ಬಾರಿಗೆ ಕುಳಿತು ಓದಿದ್ದು ಆ ಮಾತಿನ ಬಳಿಕ. ಓದಿದ ಮೇಲೆ ಸ್ಪಷ್ಟವಾದದ್ದೇನೆಂದರೆ, ನಾವು ವೈದ್ಯರು ಯಾವುದಕ್ಕೆ ಹೆದರುತ್ತೇವೆಯೋ ಅಲ್ಲಿ ಅಪಾಯ ಕಡಿಮೆ, ಯಾವುದನ್ನು ರಕ್ಷಣೆ ಎಂದುಕೊಂಡಿದ್ದೇವೆಯೋ ಅಲ್ಲಿಯೇ ಅಪಾಯ ಹೆಚ್ಚು.

ಹೆದರಿಕೆಗೆ ಚರಿತ್ರೆಯೇನೋ ಇದೆ. 1985ರ ಮಾದಕ ದ್ರವ್ಯಗಳ ಕಾಯ್ದೆ, ಅಂದರೆ ನಾವು ಎನ್‌ಡಿಪಿಎಸ್ ಎಂದು ಕರೆಯುವ ಕಾಯ್ದೆ, ಕಳ್ಳಸಾಗಣೆಯನ್ನು ಕಣ್ಣ ಮುಂದಿಟ್ಟುಕೊಂಡು ಬಂದದ್ದು. ಕನಿಷ್ಠ 10 ವರ್ಷಗಳ ಕಠಿಣ ಶಿಕ್ಷೆಯ ಆ ಕಾಯ್ದೆಯಲ್ಲಿ ಆಸ್ಪತ್ರೆಯ ಬೀರುವಿಗೂ ಕಳ್ಳಸಾಗಣೆದಾರನ ಚೀಲಕ್ಕೂ ನಡುವಿನ ಅಂತರ ಆಚರಣೆಯಲ್ಲಿ ಬಹಳ ತೆಳುವಾಗಿತ್ತು. ಮಾರ್ಫಿನ್ ಇಟ್ಟುಕೊಳ್ಳಲು ಒಂದಕ್ಕಿಂತ ಹೆಚ್ಚು ಇಲಾಖೆಗಳಿಂದ ಪರವಾನಗಿ ಬೇಕಿತ್ತು, ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. 1985ರಿಂದ 1997ರ ನಡುವೆ ದೇಶದಲ್ಲಿ ವೈದ್ಯಕೀಯ ಮಾರ್ಫಿನ್ ಬಳಕೆ ಸುಮಾರು ಶೇಕಡ 97ರಷ್ಟು ಕುಸಿದು, ವರ್ಷಕ್ಕೆ 18 ಕಿಲೋಗೆ ಇಳಿಯಿತು. ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆದು ಹೊರದೇಶಗಳ ಔಷಧಕ್ಕೆ ಕಚ್ಚಾವಸ್ತು ಕಳುಹಿಸುವ ದೇಶದಲ್ಲಿ, ಇಲ್ಲಿನ ಕ್ಯಾನ್ಸರ್ ರೋಗಿಗೆ ಒಂದು ಮಾತ್ರೆ ಸಿಗಲಿಲ್ಲ. ಒಂದಿಡೀ ತಲೆಮಾರಿನ ವೈದ್ಯರು ಮಾರ್ಫಿನ್ ಬರೆಯುವುದನ್ನು ಕಲಿಯದೆಯೇ ಪದವಿ ಪಡೆದರು. ನಾನೂ ಅವರಲ್ಲಿ ಒಬ್ಬಳು.

2014ರ ತಿದ್ದುಪಡಿ ಇದನ್ನು ಬದಲಿಸಿತು. ಮಾರ್ಫಿನ್, ಫೆಂಟಾನಿಲ್, ಮೆಥಡೋನ್, ಕೊಡೀನ್ ಸೇರಿದಂತೆ ಆರು ಔಷಧಗಳು ಅತ್ಯಗತ್ಯ ಮಾದಕ ಔಷಧಗಳೆಂದು ಗುರುತಾದವು. ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಆಸ್ಪತ್ರೆಗೆ ಬೇರೆ ಬೇರೆ ಪರವಾನಗಿಗಳ ಅಗತ್ಯ ತಪ್ಪಿತು. ಈ ಮಾನ್ಯತೆಯ ಜೊತೆಗೆ ಬರುವುದು ಲೆಕ್ಕದ ಹೊಣೆ. ನಮ್ಮ ಆಸ್ಪತ್ರೆಗೆ ಮಾನ್ಯತೆ ಸಿಕ್ಕ ಮೇಲೆ ಎರಡು ಬೀಗದ ಒಂದು ಸಣ್ಣ ಬೀರು ಬಂದಿತು, ಗಟ್ಟಿ ರಟ್ಟಿನ ಒಂದು ರಿಜಿಸ್ಟರ್ ಬಂದಿತು. ಎಷ್ಟು ಬಂತು, ಯಾರಿಗೆ ಹೋಯಿತು, ಎಷ್ಟು ಉಳಿಯಿತು, ಒಡೆದ ಆಂಪೂಲ್‌ನಲ್ಲಿ ಉಳಿದ ಅರ್ಧವನ್ನು ಯಾರ ಎದುರಿನಲ್ಲಿ ಚೆಲ್ಲಲಾಯಿತು ಎನ್ನುವವರೆಗೆ ಅದರಲ್ಲಿ ಬರೆಯಬೇಕು. ಎನ್‌ಡಿಪಿಎಸ್ ವಿಷಯದಲ್ಲಿ ವೈದ್ಯನಿಗಿರುವ ನಿಜವಾದ ತೊಡಕು ಈ ರಿಜಿಸ್ಟರ್ ತಾಳೆಯಾಗದಿರುವುದರಲ್ಲಿದೆಯೇ ಹೊರತು, ನೋವಿರುವ ರೋಗಿಗೆ ಔಷಧ ಕೊಟ್ಟದ್ದರಲ್ಲಿ ಅಲ್ಲ.

ಇನ್ನೊಂದು ಭಯ ಇದಕ್ಕಿಂತ ಆಳದ್ದು. ಸಾಯುತ್ತಿರುವ ರೋಗಿಗೆ ಮಾರ್ಫಿನ್ ಕೊಟ್ಟು, ಗಂಟೆಯ ಬಳಿಕ ಅವರು ತೀರಿಕೊಂಡರೆ, ಇಂಜೆಕ್ಷನ್ ಕೊಟ್ಟೇ ಕೊಂದರು ಎಂಬ ಮಾತು ಬಂದರೆ? ಕಾನೂನು ಇಲ್ಲಿ ನೋಡುವುದು ಉದ್ದೇಶವನ್ನು. ಸಾವನ್ನು ಉಂಟುಮಾಡಲೆಂದೇ ಕೊಟ್ಟ ಇಂಜೆಕ್ಷನ್, ರೋಗಿಯೇ ಬೇಡಿಕೊಂಡಿದ್ದರೂ, ಭಾರತದಲ್ಲಿ ಇಂದಿಗೂ ಅಪರಾಧ. ಈ ಗೆರೆಯನ್ನು ಯಾವ ತೀರ್ಪೂ ಅಳಿಸಿಲ್ಲ. ಆದರೆ ರೋಗಿಯ ಒಳಿತಿಗಾಗಿ, ಸದುದ್ದೇಶದಿಂದ, ಒಪ್ಪಿಗೆ ಪಡೆದು ಮಾಡಿದ ಕ್ರಿಯೆಗೆ ಹಳೆಯ ದಂಡಸಂಹಿತೆಯ 88ನೇ ಕಲಮಿನಲ್ಲಿದ್ದ ರಕ್ಷಣೆ ಈಗ ಭಾರತೀಯ ನ್ಯಾಯ ಸಂಹಿತೆಯ 26ನೇ ಕಲಮಿನಲ್ಲಿ ಮುಂದುವರಿದಿದೆ. ಉದ್ದೇಶವಾದರೋ ಎದೆಯೊಳಗಿನದು; ಅದು ಹೊರಗೆ ಕಾಣುವುದು ಡೋಸ್ ಏರಿಸಿದ ಕ್ರಮದಲ್ಲಿ. ನಾನೀಗ ಹೀಗೆ ಬರೆಯುತ್ತೇನೆ: "ರಾತ್ರಿ 1:40. ನೋವು 9/10. ಉಸಿರಾಟ ನಿಮಿಷಕ್ಕೆ 26. ಮಾರ್ಫಿನ್ 2 ಮಿ.ಗ್ರಾಂ ನಿಧಾನವಾಗಿ. 1:55. ನೋವು 6/10. ಉಸಿರಾಟ 20. ಕರೆದರೆ ಕಣ್ಣು ತೆರೆಯುತ್ತಾರೆ. ಇನ್ನೂ 2 ಮಿ.ಗ್ರಾಂ." ಈ ನಾಲ್ಕು ಸಾಲನ್ನು ಓದಿದ ಯಾವ ತಜ್ಞನೂ ಇದನ್ನು ಕೊಲ್ಲುವ ಪ್ರಯತ್ನ ಎನ್ನಲಾರ. "ಇಂಜೆಕ್ಷನ್ ಮಾರ್ಫಿನ್ ಕೊಡಲಾಯಿತು" ಎಂದಷ್ಟೇ ಇದ್ದರೆ, ಅದೇ ಡೋಸ್, ಅದೇ ಕಾಳಜಿ, ಆದರೂ ವೈದ್ಯ ಕಟಕಟೆಯಲ್ಲಿ ನೆನಪನ್ನೇ ನಂಬಿ ನಿಲ್ಲಬೇಕಾಗುತ್ತದೆ.

ನಿರ್ಲಕ್ಷ್ಯದ ಮೊಕದ್ದಮೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸರ್ವೋಚ್ಚ ನ್ಯಾಯಾಲಯದ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ವೈದ್ಯನ ಮೇಲೆ ಕ್ರಿಮಿನಲ್ ಹೊಣೆ ಬರಲು ನಿರ್ಲಕ್ಷ್ಯ ಘೋರವಾಗಿರಬೇಕು, ತನಿಖಾಧಿಕಾರಿ ಮೊದಲು ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು. ಆ ಪ್ರಕರಣದ ರೋಗಿಯೂ ಕ್ಯಾನ್ಸರಿನ ಕೊನೆಯ ಹಂತದಲ್ಲಿದ್ದವರೇ. ಗ್ರಾಹಕ ಆಯೋಗದ ದಾರಿ ಬೇರೆ, ಅಲ್ಲಿಯೂ ಮೊದಲು ಕೇಳುವುದು ಕೇಸ್ ಶೀಟನ್ನೇ.

ಈಗ 'ಲಾಮಾ'ಕ್ಕೆ ಮರಳುತ್ತೇನೆ, ಏಕೆಂದರೆ ನನ್ನನ್ನು ಇಂದಿಗೂ ಕಾಡುವುದು ಅದೇ. ವೆಂಟಿಲೇಟರ್ ತೆಗೆದರೆ ಕೊಲೆಯಾಗುತ್ತದೆ ಎಂಬ ಭಯದಿಂದ, ತೆಗೆಯುವ ಕೆಲಸವನ್ನು ನಾವು ಮನೆಯವರ ತಲೆಗೆ ಕಟ್ಟಿ ಆಂಬ್ಯುಲೆನ್ಸ್ ಹತ್ತಿಸುತ್ತಿದ್ದೆವು. ಆದರೆ ದಶಕಗಳ ಕಾಲ ಪ್ರಜ್ಞೆ ಮರಳದೆ ಆಸ್ಪತ್ರೆಯಲ್ಲಿದ್ದ ಅರುಣಾ ಶಾನಬಾಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಇಂಥ ರೋಗಿಗಳ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು 2011ರಲ್ಲಿಯೇ ಒಂದು ದಾರಿ ತೆರೆದಿತ್ತು. ಹಳದೀಪುರದಿಂದ ಮುಂಬೈಗೆ ಹೋಗಿ ನರ್ಸ್ ಆಗಿದ್ದ ನಮ್ಮ ಉತ್ತರ ಕನ್ನಡದ ಹೆಣ್ಣುಮಗಳು ಆಕೆ. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಘನತೆಯಿಂದ ಸಾಯುವುದೂ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಅಂದು ವಿಧಿಸಿದ ಕ್ರಮ ಎಷ್ಟು ತೊಡಕಿನದಾಗಿತ್ತೆಂದರೆ ಯಾವ ಆಸ್ಪತ್ರೆಯೂ ಅದರ ತಂಟೆಗೆ ಹೋಗಲಿಲ್ಲವೆಂದೇ ಹೇಳಬೇಕು. 2023ರ ಜನವರಿಯಲ್ಲಿ ಅದು ಸರಳವಾಯಿತು: ಚಿಕಿತ್ಸೆ ನೀಡುವ ವೈದ್ಯ ಮತ್ತು ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರ ಪ್ರಾಥಮಿಕ ಮಂಡಳಿ, ಆ ಮೇಲೆ ಅದರಲ್ಲಿಲ್ಲದ ಬೇರೆ ತಜ್ಞರ ಜೊತೆ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರಿರುವ ಎರಡನೇ ಮಂಡಳಿ, ಎರಡರ ಅಭಿಪ್ರಾಯವೂ ಆದಷ್ಟು 48 ಗಂಟೆಗಳೊಳಗೆ, ಮನೆಯವರ ಒಪ್ಪಿಗೆ, ಕೊನೆಗೆ ಮ್ಯಾಜಿಸ್ಟ್ರೇಟರಿಗೆ ಮಾಹಿತಿ. ಮ್ಯಾಜಿಸ್ಟ್ರೇಟರ ಅನುಮತಿ ಬೇಕಿಲ್ಲ, ತಿಳಿಸಬೇಕಷ್ಟೆ. ತನಗೆ ಇಂಥ ಸ್ಥಿತಿ ಬಂದಾಗ ಏನು ಮಾಡಬೇಕೆಂದು ಮೊದಲೇ ಬರೆದಿಡುವ ಉಯಿಲಿಗೂ ಈಗ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯ ದೃಢೀಕರಣ ಸಾಕು.

ನಮ್ಮ ರಾಜ್ಯ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿದಾಗ ನಾನು ಮೊದಲು ನೆನೆದದ್ದು, ಈ ಹಕ್ಕಿಗಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರನ್ನು. ಆದರೂ ಸುತ್ತೋಲೆ ಬಂದ ಮೇಲೂ 'ಲಾಮಾ' ಬರೆಯುವುದು ನಿಂತಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು, "ಮಂಡಳಿ ಗಿಂಡಳಿ ಯಾಕಮ್ಮ, ಒಂದು ಸಹಿ ತಗೊಂಡ್ರೆ ಮುಗೀತು" ಎಂದರು. ಮುಗಿಯುವುದಿಲ್ಲ. ನಾನು ಹೇಳಿದ್ದಕ್ಕೆ ವಿರುದ್ಧವಾದುದನ್ನು ನಾನೇ ಬರೆಸಿಕೊಂಡ ಕಾಗದ ಅದು. ವೈದ್ಯರೇ ಕಳುಹಿಸಿದರು ಎಂದು ನಾಳೆ ಮನೆಯವರಲ್ಲೊಬ್ಬರು ಸಾಕ್ಷಿ ಹೇಳಿದರೆ, ಆ ಕಾಗದ ನನ್ನ ರಕ್ಷಣೆಗೆ ಬರುವ ಬದಲು ನನ್ನ ಮೇಲೆಯೇ ಸಾಕ್ಷಿಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಲಹೆ ಮೀರಿ ಹೋದವರು ಎಂಬ ಹಣೆಪಟ್ಟಿಯಿಂದ ಆ ರೋಗಿಗೆ ನೋವಿನ ಔಷಧ, ಮನೆಗೆ ಬರುವ ನರ್ಸ್, ಫೋನಿನಲ್ಲೊಂದು ಸಾಂತ್ವನ, ಎಲ್ಲವೂ ತಪ್ಪಿಹೋಗುತ್ತವೆ.

ನೋವಿಗೆ ಔಷಧ ಕೊಡಲಿಲ್ಲವೆಂದು ನಮ್ಮ ಊರಿನಲ್ಲಿ ಯಾರೂ ವೈದ್ಯರ ಮೇಲೆ ದೂರು ಕೊಟ್ಟದ್ದನ್ನು ನಾನು ಕೇಳಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2001ರಲ್ಲಿ, ಶ್ವಾಸಕೋಶದ ಕ್ಯಾನ್ಸರಿನ ವೃದ್ಧರೊಬ್ಬರ ನೋವಿಗೆ ಸಾಕಷ್ಟು ಚಿಕಿತ್ಸೆ ಕೊಡದ ವೈದ್ಯನನ್ನು ಜ್ಯೂರಿ ವೃದ್ಧ ದೌರ್ಜನ್ಯದ ಹೊಣೆಗಾರನೆಂದೇ ತೀರ್ಮಾನಿಸಿತು. ಇಲ್ಲಿ ಭಯವೆಲ್ಲವೂ ಕೊಡುವ ಕೈಯ ಮೇಲೆಯೇ ಬೀಳುತ್ತದೆ, ಕೊಡದ ಕೈಯನ್ನು ಯಾರೂ ಪ್ರಶ್ನಿಸುವುದಿಲ್ಲ. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಕಳೆದ ಕಾರ್ತಿಕದಲ್ಲಿ ಬಾಯಿ ಕ್ಯಾನ್ಸರಿನ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ನಮ್ಮಲ್ಲಿ ದಾಖಲಾಗಿದ್ದರು. ಮೊದಲ ಇಂಜೆಕ್ಷನ್ನಿನ ಹೊತ್ತಿಗೆ ಮಗಳು ನನ್ನ ಕೈ ಹಿಡಿದು, "ಇದನ್ನ ಕೊಟ್ರೆ ಅಪ್ಪ ಹೋಗ್ಬಿಡ್ತಾರಾ?" ಎಂದು ಕೇಳಿದರು. "ಇಲ್ಲಮ್ಮ, ಇದು ನೋವಿಗೆ. ಕಾಯಿಲೆ ಅವರನ್ನ ಕರ್ಕೊಂಡು ಹೋಗುತ್ತೆ, ಅದನ್ನ ನಾನು ತಡೆಯೋಕಾಗಲ್ಲ" ಎಂದೆ. ಅವರ ಪ್ರಶ್ನೆಯನ್ನೂ ನನ್ನ ಉತ್ತರವನ್ನೂ ಅದೇ ಮಾತುಗಳಲ್ಲಿ ಕೇಸ್ ಶೀಟಿನಲ್ಲಿ ಬರೆದೆ. ಮನೆಗೆ ಹೊರಟಾಗ ಬಿಡುಗಡೆ ಪತ್ರದಲ್ಲಿ, "ವೈದ್ಯರ ಸಲಹೆಯ ಮೇರೆಗೆ, ಕೊನೆಗಾಲದ ಆರೈಕೆಗಾಗಿ ಮನೆಗೆ" ಎಂದು ಬರೆದು ಸಹಿ ಹಾಕಿದೆ. ಮಾರ್ಫಿನ್ ಮಾತ್ರೆಯನ್ನು ಪುಡಿಮಾಡಿ ಮೂಗಿನ ನಳಿಕೆಯಲ್ಲಿ ಹಾಕುವುದನ್ನು ನರ್ಸ್ ಮಗಳಿಗೆ ಕಲಿಸಿಕೊಟ್ಟರು.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿದ ಮೇಲೆ ಆಕೆ ಬಂದರು, ಉಳಿದ ಮಾತ್ರೆಗಳನ್ನು ಅಪ್ಪನ ಹಳೆಯ ಚಿಲ್ಲರೆ ಚೀಲದಲ್ಲಿ ಹಾಕಿಕೊಂಡು. ಮೇಜಿನ ಮೇಲೆ ಸುರಿದು ಇಬ್ಬರೂ ಎರಡು ಸಲ ಎಣಿಸಿದೆವು, ಹದಿನಾಲ್ಕು. ರಿಜಿಸ್ಟರಿನಲ್ಲಿ ಬರೆದೆ, ಅವರೂ ಸಹಿ ಹಾಕಿದರು. ಈ ಸಲ ಸಹಿ ಹಾಕುವ ಮೊದಲು ಅವರು ಏನನ್ನೂ ಕೇಳಲಿಲ್ಲ.