ಇಲಿಗೆ ಗೊತ್ತಾಗುವ ಮಾತು

“ಢಿಂಕು ಢಾಸೆ ಅಂದ್ರೆ ಏನಮ್ಮ?” ಎಂದು ಮೇಷ್ಟ್ರು ಕೇಳಿದರು. “ಅದು ಅಜ್ಜಯ್ಯ ಇಲಿಗೆ ಬೈದಿದ್ದು ಸರ್. ಇಲಿಗೆ ಗೊತ್ತಾಗುತ್ತೆ” ಎಂದಳು ಏಳನೆಯ ತರಗತಿಯ ಆ ಹುಡುಗಿ. ಶನಿವಾರ ಕೇಳಿದ ಈ ಎರಡು ಮಾತುಗಳು ಗುರುವಾರವಾದರೂ ನನ್ನ ಕಿವಿಯಿಂದ ಹೋಗಿಲ್ಲ.

ಮಕ್ಕಳು ಬರೆದ ಲಿಮರಿಕ್‌ಗಳಲ್ಲಿ ಮೂರನ್ನು ಶಾಲೆಯ ಗೋಡೆ ಪತ್ರಿಕೆಗೆ ಆರಿಸಿಕೊಡಲು ಮೇಷ್ಟ್ರನ್ನೂ ನನ್ನನ್ನೂ ಕರೆದಿದ್ದರು. ಇಂಗ್ಲಿಷ್ ತರಗತಿಯಲ್ಲಿ ಕಲಿತ ಐದು ಸಾಲಿನ ಈ ಪದ್ಯವನ್ನು ಕನ್ನಡದಲ್ಲಿಯೇ ಬರೆಯಿರಿ ಎಂದ ಶಿಕ್ಷಕಿ, ಮೊದಲ ಸಾಲಿನಲ್ಲಿ ಒಂದು ಊರಿನ ಹೆಸರಿರಲಿ, ಒಂದು, ಎರಡು ಮತ್ತು ಐದನೆಯ ಸಾಲುಗಳಿಗೆ ಒಂದೇ ಪ್ರಾಸ, ನಡುವಿನ ಎರಡು ಗಿಡ್ಡ ಸಾಲುಗಳಿಗೆ ಬೇರೊಂದು ಪ್ರಾಸ ಎಂಬಷ್ಟನ್ನೇ ತಿಳಿಸಿ ಉಳಿದದ್ದನ್ನು ಮಕ್ಕಳಿಗೇ ಬಿಟ್ಟಿದ್ದರು. ಹಾಗೆ ಬಿಡುವ ಧೈರ್ಯ ಎಲ್ಲ ಶಿಕ್ಷಕರಿಗೂ ಇರುವುದಿಲ್ಲ. ಆ ಹುಡುಗಿ ಬರೆದದ್ದು ಹೀಗಿತ್ತು:

ಕಡೂರಿನ ಅಜ್ಜನಿಗೆ ಉದ್ದ ಮೀಸೆ,
ಮೀಸೆಯೊಳು ಬಚ್ಚಿಟ್ಟ ಎಂಟು ದೋಸೆ.
ಇಲಿಯೊಂದು ಬಂತು,
ಇಣುಕುತ್ತ ನಿಂತು,
ಗದರಿದರು ಅಜ್ಜಯ್ಯ, “ಢಿಂಕು ಢಾಸೆ!”

ಪದ್ಯದ ಸಾಲನ್ನು ಅಳೆಯುವ ಮಾತ್ರೆ, ಗಣಗಳ ಪಾಠ ಅವಳಿಗೆ ಇನ್ನೂ ಆಗಿಲ್ಲ. ಆದರೆ ಮನೆಗೆ ಬಂದು ಲಘು ಗುರು ಹಾಕಿ ನೋಡಿದಾಗ ಉದ್ದ ಸಾಲುಗಳಲ್ಲಿ 16 ಮಾತ್ರೆ, ಗಿಡ್ಡ ಸಾಲುಗಳಲ್ಲಿ 8 ಮಾತ್ರೆ ಇದ್ದವು. ಉದ್ದ ಸಾಲುಗಳೆಲ್ಲ 5, 5, 3, 3 ಎಂದು ಒಡೆಯುತ್ತವೆ, ಗಿಡ್ಡ ಸಾಲುಗಳು 5, 3 ಎಂದು. ಎಲ್ಲಿಯೂ ಒಂದು ಮಾತ್ರೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬರಿಯ ಕಿವಿಯ ಬಲದಿಂದ ಇಷ್ಟನ್ನು ಸಾಧಿಸಿದ ಮಗುವಿನ ಮುಂದೆ ಕುಳಿತು ನಾವು ಕೇಳಿದ್ದು ಅರ್ಥವನ್ನು.

ಮೇಷ್ಟ್ರು ಒಳ್ಳೆಯವರು. ನಿವೃತ್ತರಾದ ಮೇಲೆಯೂ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಹಣ ತೆಗೆದುಕೊಳ್ಳದೆ ವ್ಯಾಕರಣ ಹೇಳಿಕೊಡುತ್ತಾರೆ. ಆದರೆ ಪದ್ಯವೆಂದ ಮೇಲೆ ನೀತಿ ಇರಲೇಬೇಕೆಂಬುದು ಅವರ ನಂಬಿಕೆ. ಗಿಡ ನೆಡುವುದು, ನೀರು ಉಳಿಸುವುದು, ಗುರುಹಿರಿಯರಿಗೆ ನಮಸ್ಕರಿಸುವುದು ಎಂಬ ಮೂರು ಪದ್ಯಗಳನ್ನು ಅವರು ಆರಿಸಿದರು. ಆ ಮೂರರಲ್ಲಿಯೂ ದೊಡ್ಡವರ ದನಿಯಿತ್ತು, ಮಕ್ಕಳ ದನಿಯಿರಲಿಲ್ಲ. ನನಗೆ ಅದು ಗೊತ್ತಾಗಿತ್ತು, ಆದರೂ ಸಹಿ ಹಾಕಿದೆ. ಹುಡುಗಿ ತನ್ನ ಹಾಳೆಯನ್ನು ನಾಲ್ಕಾಗಿ ಮಡಿಚಿ ಕಂಪಾಸ್ ಬಾಕ್ಸಿನಲ್ಲಿಟ್ಟುಕೊಂಡು ಹೋದಳು. “ಇಲಿಗೆ ಗೊತ್ತಾಗುತ್ತೆ” ಎಂದಾಗ ಅವಳ ಮುಖದಲ್ಲಿ ತುಂಟತನವಿರಲಿಲ್ಲ, ಗೊತ್ತಿಲ್ಲದವರಿಗೆ ತಿಳಿಸಿಹೇಳುವ ತಾಳ್ಮೆಯಿತ್ತು.

1846ರಲ್ಲಿ ಇಂಗ್ಲಿಷ್ ಕವಿ ಎಡ್ವರ್ಡ್ ಲಿಯರ್ ಈ ಬಗೆಯ ಪದ್ಯಗಳ ಪುಸ್ತಕವನ್ನು ಪ್ರಕಟಿಸಿದಾಗ ಅದರಲ್ಲಿಯೂ ಒಬ್ಬ ಮುದುಕನಿದ್ದ; ಅವನ ಗಡ್ಡದಲ್ಲಿ ಗೂಬೆ, ಕೋಳಿ ಮತ್ತಿತರ ಹಕ್ಕಿಗಳು ಗೂಡು ಕಟ್ಟಿದ್ದವು. ಅದನ್ನು ಓದಿರದ ನಮ್ಮ ಹುಡುಗಿಗೆ ಕಡೂರಿನ ಮೀಸೆ ತಾನಾಗಿ ಹೊಳೆದಿದೆ. ಮುಂದೆ ಲಿಯರ್ ‘ರನ್ಸಿಬಲ್’ ಎಂಬ ಪದವನ್ನು ಹುಟ್ಟಿಸಿದ. ಅದಕ್ಕೆ ಅವನು ಒಂದು ನಿಶ್ಚಿತ ಅರ್ಥವನ್ನು ಕೊಡದಿದ್ದರೂ ಅದು ಇಂಗ್ಲಿಷ್ ನಿಘಂಟುಗಳನ್ನು ಸೇರಿದೆ. ಅಷ್ಟು ದೂರವೇಕೆ, ‘ಅವಲಕ್ಕಿ ಪವಲಕ್ಕಿ ಕಾಂಚಣ ಮಿಣಮಿಣ’ ಎಂದು ಕೈ ಹರಡಿ ಕುಳಿತು ಆಡಿದ ನಾವು ಪವಲಕ್ಕಿ ಎಂದರೇನೆಂದು ಯಾವ ಅಜ್ಜಿಯನ್ನು ಕೇಳಿದ್ದೆವು? ಮಾತಿನ ರುಚಿ ಮೊದಲು ನಾಲಿಗೆಗೆ ಹತ್ತುವುದು ಇಂತಹ ಆಟಗಳಲ್ಲಿ. ಅರ್ಥ ಆಮೇಲೆ ಬರುತ್ತದೆ, ಬಾರದಿದ್ದರೂ ಆ ರುಚಿ ಉಳಿಯುತ್ತದೆ. ಎಂಟು ವರ್ಷವಾದರೂ ಹನ್ನೆರಡು ವರ್ಷವಾದರೂ ಮಗು ಬರೆದ ಪ್ರತಿಯೊಂದು ಸಾಲೂ ಲೋಕಕ್ಕೆ ಬುದ್ಧಿ ಹೇಳಬೇಕೆಂದು ನಾವು ಕಾಯುವುದರಿಂದಲೇ ಎಷ್ಟೋ ಹಾಳೆಗಳು ಕಂಪಾಸ್ ಬಾಕ್ಸಿನಲ್ಲಿಯೇ ಉಳಿಯುತ್ತಿವೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ನಿನ್ನೆ ಅಂಚೆ ಕಚೇರಿಯ ಹತ್ತಿರ ಸಿಕ್ಕ ಮೇಷ್ಟ್ರಿಗೆ ಇದನ್ನೆಲ್ಲ ಹೇಳಿ, ನಾಲ್ಕನೆಯ ಪದ್ಯವಾಗಿ ಅದನ್ನೂ ಗೋಡೆಗೆ ಹಾಕಿಸೋಣ ಎಂದು ಕೇಳಿಕೊಂಡೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ನೀವು ಹೇಳಿ ನೋಡಿ. ಅಂದಹಾಗೆ, ಆಮೇಲೆ ಆ ಇಲಿ ಏನು ಮಾಡ್ತಂತೆ?” ಎಂದರು. ಶನಿವಾರ ಶಾಲೆಗೆ ಹೋದಾಗ ಆ ಹುಡುಗಿಯನ್ನೇ ಕೇಳಬೇಕೆಂದಿದ್ದೇನೆ.